ಚೆಂಡಿಗೆ ಬಾಲ, ಬಟನ್‌ಗೆ ತಡ: ಒಂದೇ ಟಿವಿಯಲ್ಲಿ ಪಂದ್ಯವೂ ಗೇಮೂ

ಪ್ರಶ್ನೆ: ಮಂಡ್ಯದಲ್ಲಿದ್ದೇನೆ, ಫುಟ್‌ಬಾಲ್ ಎಂದರೆ ಪ್ರಾಣ. ಹಾಲ್‌ನಲ್ಲಿ 43 ಇಂಚಿನ 4ಕೆ ಎಲ್‌ಇಡಿ ಟಿವಿ ಇದೆ. ವಾರಾಂತ್ಯದಲ್ಲಿ ಪ್ರೀಮಿಯರ್ ಲೀಗ್ ಪಂದ್ಯಗಳನ್ನು ಸ್ಟ್ರೀಮಿಂಗ್ ಸ್ಟಿಕ್‌ನಲ್ಲಿ ನೋಡುತ್ತೇನೆ, ಆಮೇಲೆ ಅದೇ ಟಿವಿಯಲ್ಲಿ ಪಿಎಸ್4 (ಪ್ಲೇಸ್ಟೇಷನ್ 4 ಗೇಮ್ ಕನ್ಸೋಲ್) ಹಾಕಿಕೊಂಡು ಫುಟ್‌ಬಾಲ್ ಗೇಮ್ ಆಡುತ್ತೇನೆ. ಮೂರು ತೊಂದರೆ ಇವೆ. ಗೋಲ್‌ಕೀಪರ್ ಉದ್ದಕ್ಕೆ ಒದ್ದಾಗ ಚೆಂಡಿನ ಹಿಂದೆ ಬಾಲ ಬರುತ್ತದೆ, ಕೆಲವೊಮ್ಮೆ ಚೆಂಡೇ ಕಾಣುವುದಿಲ್ಲ. ಗೇಮ್‌ನಲ್ಲಿ ಬಟನ್ ಒತ್ತಿದ ಮೇಲೆ ಒಂದು ಗಳಿಗೆ ತಡೆದು ಪಾಸ್ ಹೋಗುತ್ತದೆ. ಮೂರನೆಯದು, ಡಿಟಿಎಚ್ ಇರುವ ಪಕ್ಕದ ಮನೆಯವರು ‘ಗೋಲ್’ ಎಂದು ಕೂಗಿದ ಎಷ್ಟೋ ಹೊತ್ತಿಗೆ ನಮ್ಮಲ್ಲಿ ಗೋಲ್ ಆಗುತ್ತದೆ. ಅಂಗಡಿಯವರು 120 ಹರ್ಟ್ಸ್ (ಸೆಕೆಂಡಿಗೆ 120 ಸಲ ಚಿತ್ರ ಬದಲಿಸುವ) ಟಿವಿ ತೆಗೆದುಕೊಳ್ಳಿ, ಎಲ್ಲ ಸರಿಹೋಗುತ್ತದೆ ಎನ್ನುತ್ತಾರೆ. ತೆಗೆದುಕೊಳ್ಳಲೇ?

ಉತ್ತರ: ಈಗಲೇ ಬೇಡ. ನಿಮ್ಮ ಮೂರು ತೊಂದರೆಗೂ ಬೇರೆ ಬೇರೆ ಕಾರಣ ಇವೆ. ಮೊದಲ ಎರಡು ಬಹುಮಟ್ಟಿಗೆ ಸೆಟ್ಟಿಂಗ್‌ನಲ್ಲೇ ಸರಿಹೋಗುವಂಥವು. ಮೂರನೆಯದಕ್ಕೂ ಟಿವಿಗೂ ಸಂಬಂಧವಿಲ್ಲ. ಮುಖ್ಯವಾಗಿ ತಿಳಿದಿರಬೇಕಾದ್ದು ಇಷ್ಟು: ಪಂದ್ಯ ನೋಡುವಾಗ ಟಿವಿ ಚಿತ್ರವನ್ನು ಸ್ವಲ್ಪ ತಿದ್ದಿದರೂ ನಡೆಯುತ್ತದೆ, ಗೇಮ್ ಆಡುವಾಗ ಅದು ಚಿತ್ರವನ್ನು ಮುಟ್ಟಲೇಬಾರದು. ಎರಡಕ್ಕೂ ಒಂದೇ ಸೆಟ್ಟಿಂಗ್ ಇಟ್ಟರೆ ಎರಡೂ ಕೆಡುತ್ತವೆ. ಅನೇಕ ಮನೆಗಳಲ್ಲಿ ಟಿವಿ ಅಂಗಡಿಯಿಂದ ಬಂದ ದಿನದ ಸೆಟ್ಟಿಂಗ್‌ನಲ್ಲೇ ವರ್ಷಗಟ್ಟಲೆ ಓಡುತ್ತಿರುತ್ತದೆ.

ಚೆಂಡಿನಿಂದ ಶುರು ಮಾಡೋಣ. ಮೈದಾನದ ಉದ್ದ ಸಾಮಾನ್ಯವಾಗಿ 105 ಮೀಟರ್. ಮುಖ್ಯ ಕ್ಯಾಮೆರಾ ಒಂದು ಹೊತ್ತಿಗೆ ಅದರಲ್ಲಿ ಸುಮಾರು 45 ಮೀಟರ್ ತೋರಿಸುತ್ತದೆ ಎಂದಿಟ್ಟುಕೊಳ್ಳಿ. ಎಚ್‌ಡಿ ಚಿತ್ರದ ಅಗಲ 1920 ಪಿಕ್ಸೆಲ್, ಅಂದರೆ ಮೀಟರಿಗೆ 43 ಪಿಕ್ಸೆಲ್. ಚೆಂಡಿನ ವ್ಯಾಸ 22 ಸೆಂಟಿಮೀಟರ್. ನೀವು ಕಣ್ಣಿಟ್ಟು ಹಿಂಬಾಲಿಸುವ ಆ ಚೆಂಡು ಪರದೆಯಲ್ಲಿ ಬರೀ ಒಂಬತ್ತು ಪಿಕ್ಸೆಲ್ ಅಗಲದ ಬಿಳಿ ಚುಕ್ಕೆ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒದ್ದ ಚೆಂಡು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಸೆಕೆಂಡಿಗೆ 50 ಫ್ರೇಮ್ (ಬಿಡಿ ಚಿತ್ರ) ಇದ್ದರೆ ಒಂದು ಫ್ರೇಮ್‌ನಿಂದ ಇನ್ನೊಂದಕ್ಕೆ ಅದು 55 ಸೆಂಟಿಮೀಟರ್ ಜಿಗಿದಿರುತ್ತದೆ, ತನ್ನದೇ ಅಗಲದ ಎರಡೂವರೆ ಪಟ್ಟು. 25 ಫ್ರೇಮ್ ಮಾತ್ರ ಇದ್ದರೆ ಜಿಗಿತ ಒಂದು ಮೀಟರ್ ದಾಟುತ್ತದೆ. ಮಧ್ಯದ ಜಾಗದಲ್ಲಿ ಚೆಂಡು ಎಲ್ಲಿತ್ತು ಎಂಬುದು ಯಾವ ಚಿತ್ರದಲ್ಲೂ ಇಲ್ಲ. 2022ರ ಕತಾರ್ ವಿಶ್ವಕಪ್‌ನಲ್ಲಿ ಆಫ್‌ಸೈಡ್ ನಿರ್ಧರಿಸಲು ಚಾವಣಿಯ ಕೆಳಗೆ 12 ಕ್ಯಾಮೆರಾ ಇಟ್ಟು, ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ 50 ಸಲ ಗುರುತಿಸುತ್ತಿದ್ದರು. ಆದರೂ ಚೆಂಡಿಗೆ ಕಾಲು ತಾಗಿದ ಕ್ಷಣವನ್ನು ನಿಖರವಾಗಿ ಹಿಡಿಯಲು ಚೆಂಡಿನೊಳಗೇ ಸೆಕೆಂಡಿಗೆ 500 ಸಲ ಮಾಹಿತಿ ಕಳಿಸುವ ಸೆನ್ಸರ್ ಕೂರಿಸಿದರು. ಎರಡು ಫ್ರೇಮ್‌ಗಳ ನಡುವಿನ 20 ಮಿಲಿಸೆಕೆಂಡ್ ಫುಟ್‌ಬಾಲ್‌ನಲ್ಲಿ ಸಣ್ಣ ಅವಧಿಯೇನಲ್ಲ.

ಈ ಖಾಲಿ ಜಾಗದಲ್ಲೇ ಟಿವಿ ತನ್ನ ಕೈ ಆಡಿಸುತ್ತದೆ. ಇದಕ್ಕೆ ಎಂಇಎಂಸಿ ಎಂಬ ಸಾಮಾನ್ಯ ಹೆಸರಿದೆ. ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲ್ಯಾರಿಟಿ ಎಂದು ಕಾಣುತ್ತದೆ. ಎರಡು ನಿಜ ಫ್ರೇಮ್ ನೋಡಿ ಮಧ್ಯದ ಒಂದನ್ನು ಊಹಿಸಿ ಸೇರಿಸುವುದು ಇದರ ಕೆಲಸ. ಆಟಗಾರರು ಓಡುವುದನ್ನು ಇದು ಚೆನ್ನಾಗಿಯೇ ಊಹಿಸುತ್ತದೆ. ಎಡವುವುದು ಗೋಲ್‌ಕೀಪರ್ ಒದ್ದ ಚೆಂಡಿನಲ್ಲಿ: ಚೆಂಡು ಒಂದು ಕಡೆ ಹೋಗುತ್ತಿದೆ, ಕ್ಯಾಮೆರಾ ತಿರುಗುವುದರಿಂದ ಹಿಂದಿನ ಪ್ರೇಕ್ಷಕರು ಇನ್ನೊಂದು ಕಡೆ ಸರಿಯುತ್ತಿದ್ದಾರೆ, ಚೆಂಡು ಒಂಬತ್ತು ಪಿಕ್ಸೆಲ್. ಲೆಕ್ಕ ತಪ್ಪಿದ ಟಿವಿ ಚೆಂಡನ್ನು ಹಿನ್ನೆಲೆಯಲ್ಲೇ ಕಲಸಿಬಿಡುತ್ತದೆ.

ಬಾಲ ಹೇಗೆ ಕಾಣುತ್ತದೆ ಎಂದು ಗಮನಿಸಿದರೆ ಕಾರಣ ಅರ್ಧ ಗೊತ್ತಾದಂತೆ. ಚೆಂಡಿನ ಹಿಂದೆ ಅದರದೇ ಮಸುಕು ಪ್ರತಿಗಳು ಒಂದೆರಡು ಅಂಟಿಕೊಂಡು ಬಂದರೆ ನಾಯ್ಸ್ ರಿಡಕ್ಷನ್ ಮೇಲೆ ಅನುಮಾನ ಪಡಿ. ಅದು ಹಿಂದಿನ ಫ್ರೇಮನ್ನೂ ಈಗಿನದನ್ನೂ ಬೆರೆಸಿ ಸರಾಸರಿ ತೆಗೆದು ಚಿತ್ರವನ್ನು ನುಣುಪು ಮಾಡುತ್ತದೆ. ಓಡುವ ಚೆಂಡಿಗೆ ಹಳೆಯ ಫ್ರೇಮಿನ ಚೆಂಡು ತಗುಲಿಕೊಳ್ಳುತ್ತದೆ. ಚೆಂಡು ಆಗಾಗ ಮಾಯವಾಗಿ ಮತ್ತೆ ಬಂದರೆ, ಆಟಗಾರರ ಕಾಲಿನ ಸುತ್ತ ಹುಲ್ಲು ನೀರಿನಂತೆ ನಡುಗಿದರೆ ಅದು ಎಂಇಎಂಸಿ. ಬಾಲವಿಲ್ಲದೆ ಚೆಂಡು ಮೆಟ್ಟಿಲಿಳಿದಂತೆ ಕುಪ್ಪಳಿಸಿದರೆ, ಕ್ಯಾಮೆರಾ ತಿರುಗಿದಾಗ ಇಡೀ ಮೈದಾನ ಸಣ್ಣಗೆ ತಡವರಿಸಿದರೆ ಫ್ರೇಮ್ ಲೆಕ್ಕ ಹೊಂದುತ್ತಿಲ್ಲ ಎಂದರ್ಥ. ಕಪ್ಪು, ಗಾಢ ನೀಲಿ ಜೆರ್ಸಿಗಳ ಅಂಚಿನಲ್ಲಿ ಮಾತ್ರ ಮಸಿ ಸವರಿದಂತಾದರೆ ದೋಷ ಪ್ಯಾನೆಲ್‌ನದ್ದು. ವಿಎ ಬಗೆಯ ಎಲ್‌ಸಿಡಿಗಳಲ್ಲಿ ಕಡುಬಣ್ಣ ಬದಲಾಗುವುದು ನಿಧಾನ, ಅದನ್ನು ಸೆಟ್ಟಿಂಗ್‌ನಿಂದ ಗುಣಪಡಿಸಲಾಗದು.

ಈಗ ಕೈಯಲ್ಲಿ ರಿಮೋಟ್ ಹಿಡಿದು ಮಾಡಬೇಕಾದ್ದು. ಪಂದ್ಯ ಓಡುತ್ತಿರುವಾಗಲೇ ಪಿಕ್ಚರ್ ಸೆಟ್ಟಿಂಗ್‌ಗೆ ಹೋಗಿ. ಮೋಡ್ ‘ಸ್ಟ್ಯಾಂಡರ್ಡ್’ ಇರಲಿ. ‘ಸ್ಪೋರ್ಟ್ಸ್’ ಎಂಬ ಹೆಸರು ನೋಡಿ ಮೋಸಹೋಗಬೇಡಿ. ಸಾಮಾನ್ಯವಾಗಿ ಅದು ಬಣ್ಣ, ಶಾರ್ಪ್‌ನೆಸ್, ಎಂಇಎಂಸಿ ಮೂರನ್ನೂ ಏರಿಸಿಟ್ಟ ಮೋಡ್. ಅಡ್ವಾನ್ಸ್‌ಡ್ ಪುಟದಲ್ಲಿ ನಾಯ್ಸ್ ರಿಡಕ್ಷನ್, ಎಂಪೆಗ್ ನಾಯ್ಸ್ ರಿಡಕ್ಷನ್ ಎರಡನ್ನೂ ಆಫ್ ಮಾಡಿ. ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಅಥವಾ ಲೋ. ಸಂಜೆ ಪಂದ್ಯಗಳಲ್ಲಿ ಅರ್ಧ ಮೈದಾನ ಬಿಸಿಲಲ್ಲಿ, ಅರ್ಧ ನೆರಳಲ್ಲಿ ಇದ್ದಾಗ ನೆರಳಿನ ಆಟಗಾರರನ್ನು ನುಂಗಿಹಾಕುವುದು ಇದೇ. ಶಾರ್ಪ್‌ನೆಸ್ಸನ್ನು ಗೆರೆಗಳ ಪಕ್ಕ ಕಾಣುವ ಬಿಳಿ ಅಂಚು ಹೋಗುವವರೆಗೆ ಇಳಿಸಿ. ಕೊನೆಗೆ ಎಂಇಎಂಸಿಯನ್ನು ಪೂರ್ತಿ ಆಫ್ ಮಾಡಿ ಹತ್ತು ನಿಮಿಷ ನೋಡಿ, ಆಮೇಲೆ ಲೋ ಮಾಡಿ ಹತ್ತು ನಿಮಿಷ ನೋಡಿ. ‘ಕಸ್ಟಮ್’ ಆಯ್ಕೆ ಇದ್ದು ಹತ್ತರ ಅಳತೆ ಕೊಟ್ಟಿದ್ದರೆ ಡಿ-ಜಡರ್ (ಚಲನೆಯ ತಡವರಿಕೆ ತಗ್ಗಿಸುವ ಅಳತೆ) ಸೊನ್ನೆಯಿಂದ ಎರಡರೊಳಗೆ ಇರಲಿ. ಪರೀಕ್ಷೆಗೆ ಎರಡೇ ಜಾಗ ಸಾಕು: ಗೋಲ್ ಕಿಕ್ ತುತ್ತತುದಿಯಲ್ಲಿರುವಾಗ ಪ್ರೇಕ್ಷಕರ ಮುಂದೆ ಚೆಂಡು ಒಂದೇ ಸಮನೆ ಕಾಣುತ್ತದೆಯೇ, ಕ್ಯಾಮೆರಾ ತಿರುಗುವಾಗ ಗೆರೆಯಾಚೆಯ ಜಾಹೀರಾತು ಫಲಕದ ಅಕ್ಷರ ಓದಲು ಬರುತ್ತದೆಯೇ. ಎಂಇಎಂಸಿ ಏರಿಸಿದಷ್ಟೂ ಫಲಕ ಸ್ಪಷ್ಟವಾಗುತ್ತದೆ, ಚೆಂಡು ಕೆಡುತ್ತದೆ. ಫುಟ್‌ಬಾಲ್‌ನಲ್ಲಿ ಚೆಂಡಿಗೇ ಮೊದಲ ಹಕ್ಕು ಎಂದು ನನ್ನ ಅಭಿಪ್ರಾಯ.

ಇನ್ನು ಫ್ರೇಮ್ ಲೆಕ್ಕ. ಸ್ಟಿಕ್ ಬಳಸುವವರು ಇದನ್ನು ನೋಡಲೇಬೇಕು. ಯುರೋಪಿನ ಪ್ರಸಾರ 50ರ ಲೆಕ್ಕದ್ದು, ನಮ್ಮ ಟಿವಿ ಪ್ರಸಾರವೂ ಅದೇ ಪದ್ಧತಿಯದ್ದು. ಅಮೆರಿಕದ್ದು 60ರ ಲೆಕ್ಕ. ಸ್ಟ್ರೀಮಿಂಗ್ ಸ್ಟಿಕ್‌ಗಳು ಸಾಮಾನ್ಯವಾಗಿ 60 ಹರ್ಟ್ಸ್‌ನಲ್ಲೇ ನಿಂತಿರುತ್ತವೆ. ಐವತ್ತು ಫ್ರೇಮ್‌ಗಳನ್ನು ಅರವತ್ತರಲ್ಲಿ ತೋರಿಸಬೇಕಾದಾಗ ಪ್ರತಿ ಐದರಲ್ಲಿ ಒಂದು ಫ್ರೇಮ್ ಎರಡು ಸಲ ಬರುತ್ತದೆ, ಅಂದರೆ ಸೆಕೆಂಡಿಗೆ ಹತ್ತು ಸಲ ಚಲನೆ ಮುಗ್ಗರಿಸುತ್ತದೆ. ಸ್ಟಿಕ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’ ಅಥವಾ ‘ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್’ ಎಂಬುದನ್ನು ಆನ್ ಮಾಡಿ. ಪಂದ್ಯ ಶುರುವಾದಾಗ ಪರದೆ ಒಂದು ಕ್ಷಣ ಕಪ್ಪಾಗಿ ಬಂದರೆ ಲೆಕ್ಕ ಬದಲಾಗಿದೆ ಎಂದು ತಿಳಿಯಿರಿ. ಕೆಲವು ಆ್ಯಪ್‌ಗಳು ಇದಕ್ಕೆ ಬಗ್ಗುವುದಿಲ್ಲ. ಆಗ ಪಂದ್ಯದ ಹೊತ್ತಿಗೆ ಔಟ್‌ಪುಟ್ಟನ್ನೇ 1080ಪಿ, 50 ಹರ್ಟ್ಸ್‌ಗೆ ಕೈಯಾರೆ ಇಡಿ. 4ಕೆ ಟಿವಿಗೆ 1080 ಕಳಿಸುವುದರಿಂದ ನಷ್ಟವಿಲ್ಲ, ನಿಮಗೆ ಸಿಗುವ ಬಹುಪಾಲು ಫುಟ್‌ಬಾಲ್ ಪ್ರಸಾರ ಎಚ್‌ಡಿಯದ್ದೇ.

ಆ್ಯಪ್‌ನಲ್ಲಿ ಗುಣಮಟ್ಟ ‘ಆಟೋ’ ಇದ್ದರೆ ನೆಟ್ ಕುಸಿದಾಗ ರೆಸಲ್ಯೂಷನ್ನಿನ ಜೊತೆ ಫ್ರೇಮ್ ಸಂಖ್ಯೆಯೂ ಇಳಿಯಬಹುದು. ಹುಲ್ಲು ಹಸಿರು ಬಣ್ಣ ಬಳಿದಂತಾಗುತ್ತದೆ, ಚೆಂಡು ಅದರಲ್ಲಿ ಮುಳುಗುತ್ತದೆ. ಹಾಗಾಗಿ ಅತಿ ಹೆಚ್ಚಿನದನ್ನೇ ಆರಿಸಿಡಿ. ಸೆಕೆಂಡಿಗೆ 6 ಮೆಗಾಬಿಟ್‌ನ ಎಚ್‌ಡಿ ಪಂದ್ಯ ಎರಡು ಗಂಟೆಗೆ ಸುಮಾರು 5.4 ಜಿಬಿ ತಿನ್ನುತ್ತದೆ. ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕ್‌ನ ಹಾಟ್‌ಸ್ಪಾಟ್ ಮೊದಲಾರ್ಧ ಮುಗಿಯುವ ಹೊತ್ತಿಗೇ ಕೈಕೊಡುವುದು ಇದಕ್ಕೇ.

ಎರಡನೆಯ ತೊಂದರೆ, ಬಟನ್ ತಡ. ಮೇಲೆ ಹೇಳಿದ ತಿದ್ದುಪಡಿಗಳಿಗೆಲ್ಲ ಟಿವಿಗೆ ಸಮಯ ಬೇಕು. ಮುಂದಿನ ಫ್ರೇಮ್ ಬರದೆ ಮಧ್ಯದ ಫ್ರೇಮ್ ಊಹಿಸಲಾಗದು, ಆದ್ದರಿಂದ ಚಿತ್ರವನ್ನು ತಡೆಹಿಡಿಯುತ್ತದೆ. ಪಂದ್ಯ ನೋಡುವಾಗ ಇದು ನಿಮಗೆ ಗೊತ್ತೇ ಆಗುವುದಿಲ್ಲ. ಗೇಮ್‌ನಲ್ಲಿ ಮಾತ್ರ ಸಾಮಾನ್ಯ ಮೋಡ್‌ಗಳಲ್ಲಿ ಈ ತಡ 100 ಮಿಲಿಸೆಕೆಂಡ್ ಮುಟ್ಟುವುದುಂಟು. ಈ ತಿದ್ದುಪಡಿಗಳನ್ನು ಬಹುಮಟ್ಟಿಗೆ ನಿಲ್ಲಿಸುವ ಗೇಮ್ ಮೋಡ್‌ನಲ್ಲಿ ಒಳ್ಳೆಯ ಟಿವಿಗಳು 10ರಿಂದ 20ಕ್ಕೆ ಇಳಿಯುತ್ತವೆ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದರೆ 100 ಮಿಲಿಸೆಕೆಂಡ್ ಎಂದರೆ ಆರು ಫ್ರೇಮ್. ಸೆಕೆಂಡಿಗೆ 8 ಮೀಟರ್ ಓಡುವ ವಿಂಗರ್ ಅಷ್ಟರಲ್ಲಿ 80 ಸೆಂಟಿಮೀಟರ್ ಮುಂದೆ ಹೋಗಿರುತ್ತಾನೆ. ನಿಮ್ಮ ಡಿಫೆಂಡರ್ ಕಾಲು ಚಾಚುವುದು ಅವನು ಬಿಟ್ಟುಹೋದ ಜಾಗಕ್ಕೆ, ಬೀಳುವುದು ಪೆನಾಲ್ಟಿ.

ಪಿಎಸ್4ಗೆ ಟಿವಿಯನ್ನು ತಾನಾಗಿ ಗೇಮ್ ಮೋಡ್‌ಗೆ ಹಾಕಿಸುವ ಸೌಲಭ್ಯವಿಲ್ಲ, ಅದು ಪಿಎಸ್5ಗೆ ಬಂದದ್ದು. ನೀವೇ ಒಮ್ಮೆ ಹೊಂದಿಸಬೇಕು. ಸ್ಟಿಕ್ ಎಚ್‌ಡಿಎಂಐ 1ರಲ್ಲಿ, ಪಿಎಸ್4 ಎಚ್‌ಡಿಎಂಐ 2ರಲ್ಲಿ ಇರಲಿ. ಎಚ್‌ಡಿಎಂಐ 2ಕ್ಕೆ ಹೋಗಿ ಗೇಮ್ ಮೋಡ್ ಆನ್ ಮಾಡಿ. ಬಹುತೇಕ ಟಿವಿಗಳು ಪ್ರತಿ ಇನ್‌ಪುಟ್‌ಗೂ ಸೆಟ್ಟಿಂಗನ್ನು ಬೇರೆಯಾಗಿ ನೆನಪಿಡುತ್ತವೆ. ಜನ ಎಡವುವುದು ‘ಅಪ್ಲೈ ಪಿಕ್ಚರ್ ಸೆಟ್ಟಿಂಗ್ಸ್’ ಎಂಬಲ್ಲಿ. ಅಲ್ಲಿ ‘ಆಲ್ ಸೋರ್ಸಸ್’ ಇದ್ದರೆ ಒಂದು ಕಡೆ ಮಾಡಿದ್ದು ಇನ್ನೊಂದು ಕಡೆಯದನ್ನು ಅಳಿಸುತ್ತದೆ. ‘ಕರೆಂಟ್ ಸೋರ್ಸ್’ ಆಗಿರಬೇಕು. ಇಷ್ಟಾದರೆ ಪಂದ್ಯ ಮುಗಿಸಿ ಗೇಮ್‌ಗೆ ಹೋಗುವಾಗ ಇನ್‌ಪುಟ್ ಬದಲಿಸಿದರೆ ಸಾಕು. ಗೇಮ್ ಮೋಡ್‌ನಲ್ಲಿ ಚಿತ್ರ ನೀಲಿಗಟ್ಟಿದಂತೆ ಕಂಡರೆ ಕಲರ್ ಟೆಂಪರೇಚರ್ ‘ವಾರ್ಮ್’ ಕಡೆ ಸರಿಸಿ, ಅದರಿಂದ ತಡ ಹೆಚ್ಚುವುದಿಲ್ಲ.

ಫಲ ಸಿಕ್ಕಿತೇ ಎಂದು ಅಳೆಯಲು ಫೋನ್ ಸಾಕು. ಸ್ಲೋ ಮೋಷನ್ 240 ಫ್ರೇಮ್‌ಗೆ ಇಟ್ಟು, ಕಂಟ್ರೋಲರ್ ಹಿಡಿದ ಹೆಬ್ಬೆರಳೂ ಪರದೆಯೂ ಒಂದೇ ಚೌಕಟ್ಟಿನಲ್ಲಿ ಬರುವಂತೆ ಹಿಡಿಯಿರಿ. ಗೇಮ್‌ನ ಪ್ರಾಕ್ಟೀಸ್ ಮೈದಾನದಲ್ಲಿ ನಿಂತು ಶಾಟ್ ಬಟನ್ ಒತ್ತಿ. ಬಟನ್ ತಳ ಮುಟ್ಟಿದಲ್ಲಿಂದ ಆಟಗಾರನ ಕಾಲು ಅಲುಗಿದವರೆಗೆ ಫ್ರೇಮ್ ಎಣಿಸಿ, ಒಂದೊಂದೂ 4.2 ಮಿಲಿಸೆಕೆಂಡ್. ಇದರಲ್ಲಿ ಗೇಮ್‌ನದ್ದೇ ಆದ ತಡವೂ ಸೇರಿರುತ್ತದೆ, ಹಾಗಾಗಿ ಒಂದು ಅಂಕಿ ನೋಡಿ ಗಾಬರಿಯಾಗಬೇಡಿ. ಸ್ಟ್ಯಾಂಡರ್ಡ್‌ನಲ್ಲಿ ಐದು ಸಲ, ಗೇಮ್ ಮೋಡ್‌ನಲ್ಲಿ ಐದು ಸಲ ಹಿಡಿದು ಸರಾಸರಿ ಹೋಲಿಸಿ. ನಡುವಿನ ವ್ಯತ್ಯಾಸ ಟಿವಿ ಕದಿಯುತ್ತಿದ್ದ ಸಮಯ.

ವ್ಯತ್ಯಾಸವೇ ಕಾಣದಿದ್ದರೆ ದಾರಿಯಲ್ಲಿ ಇನ್ನೇನಿದೆ ನೋಡಿ. ಪಿಎಸ್4 ಕೇಬಲ್ ಸೌಂಡ್‌ಬಾರ್ ಮೂಲಕ ಹೋಗುತ್ತಿದ್ದರೆ ನೇರ ಟಿವಿಗೆ ಹಾಕಿ, ಶಬ್ದವನ್ನು ಟಿವಿಯ ‘ಎಆರ್‌ಸಿ’ ಎಂದು ಬರೆದಿರುವ ಎಚ್‌ಡಿಎಂಐ ಪೋರ್ಟ್‌ನಿಂದ ಸೌಂಡ್‌ಬಾರ್‌ಗೆ ಕೊಡಿ. ಶಬ್ದ ಮಾತ್ರ ಹಿಂದೆ ಬೀಳುತ್ತಿದ್ದರೆ ಅದು ಟಿವಿಗೆ ಜೋಡಿಸಿದ ಬ್ಲೂಟೂತ್ ಹೆಡ್‌ಫೋನ್‌ನ ಕೆಲಸ. ಕಂಟ್ರೋಲರ್‌ನ ಕೆಳಗಿರುವ 3.5 ಮಿಲಿಮೀಟರ್ ಜ್ಯಾಕ್‌ಗೆ ತಂತಿಯ ಇಯರ್‌ಫೋನ್ ಸಿಕ್ಕಿಸಿ. ಪಾಸ್ ತಡವಾಗುವುದಕ್ಕಿಂತ ತಪ್ಪು ದಿಕ್ಕಿಗೆ ಹೋಗುತ್ತಿದ್ದರೆ ಕಂಟ್ರೋಲರ್‌ನ ಸ್ಟಿಕ್ ಒಳಗೆ ಸವೆದಿದೆ, ಟಿವಿಯನ್ನು ದೂರಿ ಫಲವಿಲ್ಲ.

ಮನೆಯವರ ಜೊತೆ ಆಡುವಾಗ ಚೆನ್ನಾಗಿದ್ದು ಆನ್‌ಲೈನ್‌ನಲ್ಲಿ ಮಾತ್ರ ತಡವಾದರೆ ಸಮಸ್ಯೆ ನೆಟ್‌ನದ್ದು. ಮೊದಲ ಮಾದರಿಯ ಪಿಎಸ್4ನಲ್ಲಿ 2.4 ಗಿಗಾಹರ್ಟ್ಸ್ ವೈ-ಫೈ ಮಾತ್ರ ಇದೆ. ಸ್ಲಿಮ್ ಮತ್ತು ಪ್ರೊಗಳಲ್ಲಿ 5 ಗಿಗಾಹರ್ಟ್ಸ್ ಕೂಡ ಇದೆ. ಮನೆಗಳು ಒತ್ತೊತ್ತಾಗಿರುವ ಬೀದಿಯಲ್ಲಿ ಎಲ್ಲರ ರೂಟರ್‌ಗಳೂ 2.4ರಲ್ಲೇ ಇರುತ್ತವೆ, ಅದರಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. 5 ಗಿಗಾಹರ್ಟ್ಸ್ ಶುಭ್ರ, ಆದರೆ ಹಳೆಯ ಮನೆಗಳ ದಪ್ಪ ಗೋಡೆ ದಾಟುವಾಗ ಸೊರಗುತ್ತದೆ. ಖಚಿತ ಮದ್ದು ಕ್ಯಾಟ್ 6 ಲ್ಯಾನ್ ಕೇಬಲ್. ರೂಟರ್‌ನಿಂದ ಟಿವಿ ಸ್ಟ್ಯಾಂಡ್‌ವರೆಗೆ ಗೋಡೆಯಂಚಿನಲ್ಲಿ ಎಳೆದರೆ ಸಾಮಾನ್ಯ ಮನೆಗೆ 15 ಮೀಟರ್ ಧಾರಾಳ. ಫುಟ್‌ಬಾಲ್ ಗೇಮ್‌ಗೆ ವೇಗದ ಪ್ಲಾನ್‌ಗಿಂತ ಏರಿಳಿತವಿಲ್ಲದ ಪಿಂಗ್ (ಗೇಮ್ ಸರ್ವರ್‌ಗೆ ಸಿಗ್ನಲ್ ಹೋಗಿಬರುವ ಸಮಯ) ಮುಖ್ಯ. ಒಂದೇ ಸಮನೆ 50 ಮಿಲಿಸೆಕೆಂಡ್ ಇದ್ದರೆ ಕೈ ಅದಕ್ಕೆ ಹೊಂದಿಕೊಳ್ಳುತ್ತದೆ. 20ಕ್ಕೂ 120ಕ್ಕೂ ಹಾರುತ್ತಿದ್ದರೆ ಯಾರ ಕೈಯೂ ಹೊಂದದು. ಆಟದ ಹೊತ್ತಿಗೆ ಮನೆಯ ಫೋನ್‌ಗಳು ಫೋಟೊ ಬ್ಯಾಕಪ್ ಕಳಿಸುತ್ತಿವೆಯೇ ನೋಡಿ, ಅಪ್‌ಲೋಡ್ ತುಂಬಿದರೆ ಪಿಂಗ್ ಹಾರುತ್ತದೆ.

ಮೂರನೆಯದು, ಪಕ್ಕದ ಮನೆಯ ಗೋಲ್. ಉಪಗ್ರಹ ಸಮಭಾಜಕದ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದ್ದರೂ ಸಿಗ್ನಲ್ ಹೋಗಿಬರಲು ಕಾಲು ಸೆಕೆಂಡ್ ಸಾಕು. ಡಿಟಿಎಚ್‌ನಲ್ಲಿ ಉಳಿದ ಕೆಲವು ಸೆಕೆಂಡ್ ಚಿತ್ರವನ್ನು ಕುಗ್ಗಿಸಿ ಕಟ್ಟುವುದರಲ್ಲಿ ಹೋಗುತ್ತದೆ. ಸ್ಟ್ರೀಮಿಂಗ್ ನಡೆಯುವುದು ತುಂಡುಗಳಲ್ಲಿ. ತುಂಡು ಆರು ಸೆಕೆಂಡಿನದ್ದು, ಆ್ಯಪ್ ಮೂರನ್ನು ಕೂಡಿಟ್ಟುಕೊಂಡು ತೋರಿಸುತ್ತದೆ ಎಂದುಕೊಂಡರೆ ಅಲ್ಲಿಗೇ ಹದಿನೆಂಟು ಸೆಕೆಂಡ್ ಹಿಂದೆ ಬಿದ್ದಿರಿ, ಸರ್ವರ್‌ಗಳ ತಡ ಬೇರೆ. ನಡುವೆ ಒಮ್ಮೆ ಚಕ್ರ ಸುತ್ತಿ ನಿಂತರೆ ಆ ಸಮಯವೂ ಸೇರಿಕೊಳ್ಳುತ್ತದೆ. ಹಾಗಾದಾಗ ‘ಗೋ ಲೈವ್’ ಒತ್ತಿ, ಅದಿಲ್ಲದಿದ್ದರೆ ಪಂದ್ಯದಿಂದ ಹೊರಬಂದು ಮತ್ತೆ ಒಳಹೋಗಿ. ಇದರಿಂದ ಹೆಚ್ಚುವರಿ ತಡ ಹೋಗುತ್ತದೆ, ಮೂಲದ್ದು ಹೋಗುವುದಿಲ್ಲ.

ನೇರ ಪ್ರಸಾರದ ಸ್ವಾದ ನಿಮಗೆ ಅಷ್ಟು ಮುಖ್ಯವಾದರೆ ಡಿಟಿಎಚ್‌ನಲ್ಲಿ ಎಚ್‌ಡಿ ಚಾನೆಲ್ ಹಾಕಿಸಿಕೊಳ್ಳಿ. ಎಸ್‌ಡಿ ಚಾನೆಲ್ ಬೇಡ: 720 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅದೇ ಚೆಂಡು ಮೂರೂವರೆ ಪಿಕ್ಸೆಲ್‌ಗೆ ಕುಗ್ಗುತ್ತದೆ, ಯಾವ ಟಿವಿ ತಂದರೂ ಅದನ್ನು ಮರಳಿ ಹುಟ್ಟಿಸಲಾಗದು. ಮಂಡ್ಯದ ಕಡೆ ಡಿಶ್‌ಗೆ ಎರಡು ಶತ್ರುಗಳು. ಒಂದು ಜೋರು ಮಳೆ, ಡಿಟಿಎಚ್ ಬಳಸುವ ಕೆಯು ಬ್ಯಾಂಡ್ ಸಿಗ್ನಲನ್ನು ಮಳೆಹನಿ ಹೀರುತ್ತದೆ. ಇನ್ನೊಂದು ತೆಂಗಿನ ಗರಿ. ನಮ್ಮ ಡಿಟಿಎಚ್ ಉಪಗ್ರಹಗಳು ಇಲ್ಲಿಂದ ಆಗ್ನೇಯದ ಕಡೆಯ ಆಕಾಶದಲ್ಲಿ ಸಾಕಷ್ಟು ಎತ್ತರದಲ್ಲಿವೆ. ಡಿಶ್ ಕೂರಿಸಿದ ದಿನ ಅಡ್ಡವಿರದ ಗರಿ ಎರಡು ವರ್ಷದಲ್ಲಿ ಅಡ್ಡ ಬಂದಿರುತ್ತದೆ. ಗಾಳಿ ಬೀಸಿದಾಗ ಮಾತ್ರ ಚಿತ್ರ ಚೌಕಚೌಕವಾಗಿ ಒಡೆದರೆ ಮೊದಲು ತಾರಸಿಗೆ ಹೋಗಿ ಆ ದಿಕ್ಕು ನೋಡಿ.

ಕರೆಂಟ್ ವಿಚಾರ ಚಿಕ್ಕದಾಗಿ. ಆಟದ ನಡುವೆ ವಿದ್ಯುತ್ ಹೋಗಿ ಪಿಎಸ್4 ಆರಿಹೋದರೆ ಮುಂದಿನ ಸಲ ಸ್ಟೋರೇಜ್ ಪರೀಕ್ಷೆಗೆ ಕೂರುತ್ತದೆ, ಹಾರ್ಡ್ ಡಿಸ್ಕ್‌ಗೆ ಇದು ಪದೇ ಪದೇ ಆಗಬಾರದು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆ ಇಡಿ. ‘ನಾರ್ಮಲ್’ ಸ್ಥಿತಿಯಲ್ಲಿ ಬದಲಾವಣೆಗೆ ಹೆಚ್ಚು ಸಮಯ ಹಿಡಿಯುವುದರಿಂದ ಬಲ್ಬ್ ಉಳಿದರೂ ಕನ್ಸೋಲ್ ಆರುತ್ತದೆ. ರೂಟರ್‌ಗೆ 12 ವೋಲ್ಟ್‌ನ ಪುಟ್ಟ ಯುಪಿಎಸ್ ಬೇರೆ ಇದ್ದರೆ ಒಳ್ಳೆಯದು.

ಕೊನೆಗೆ ಅಂಗಡಿಯವರ 120 ಹರ್ಟ್ಸ್. ಪಿಎಸ್4 ಟಿವಿಗೆ ಕೊಡುವುದು 60, ಪ್ರಸಾರ ಕೊಡುವುದು 50. ಟಿವಿ ಬದಲಾದ ಮಾತ್ರಕ್ಕೆ ಹೊಸ ಫ್ರೇಮ್ ಹುಟ್ಟುವುದಿಲ್ಲ. ಹೆಚ್ಚು ಬೇಕೆಂದರೆ ಮತ್ತದೇ ಊಹೆಯ ಫ್ರೇಮ್‌ಗಳು. ಒಳ್ಳೆಯ 120 ಹರ್ಟ್ಸ್ ಟಿವಿಯಲ್ಲಿ ಆ ಊಹೆ ಚೆನ್ನಾಗಿರುತ್ತದೆ, ಪ್ಯಾನೆಲ್ಲೂ ಚುರುಕಾಗಿರುತ್ತದೆ ಎಂಬುದು ನಿಜ. ಆದರೆ 43 ಇಂಚಿನ ಪೆಟ್ಟಿಗೆಗಳ ಮೇಲೆ ಕಾಣುವ 120 ಎಷ್ಟೋ ಸಲ ‘ಮೋಷನ್ ರೇಟ್’, ಒಳಗಿನ ಪ್ಯಾನೆಲ್ 60ರದ್ದೇ. ಕೇಳಬೇಕಾದ್ದು ‘ನೇಟಿವ್ ರಿಫ್ರೆಶ್ ರೇಟ್ ಎಷ್ಟು’ ಎಂದು. ಎಚ್‌ಡಿಎಂಐ ಪೋರ್ಟ್‌ನ ವಿವರದಲ್ಲಿ ‘4ಕೆ 120’ ಎಂದು ಅಚ್ಚಾಗಿರಬೇಕು.

ಮೇಲಿನದೆಲ್ಲ ಮಾಡಿದ ಮೇಲೂ ಗಾಢ ಬಣ್ಣದ ಮಸಿ ಉಳಿದು ಟಿವಿ ಬದಲಿಸುವುದೇ ಸೈ ಎಂದಾದರೆ, ಮಂಡ್ಯದ ಅಂಗಡಿಯಾಗಲಿ ಮೈಸೂರಿನ ದೇವರಾಜ ಅರಸು ರಸ್ತೆಯಾಗಲಿ, ಅಲ್ಲಿ ಓಡುತ್ತಿರುವ ಹೂವು, ಜಲಪಾತದ ನಿಧಾನದ ವೀಡಿಯೊ ನೋಡಿ ತೀರ್ಮಾನಿಸಬೇಡಿ. ರಿಮೋಟ್ ಕೇಳಿ ಪಡೆದು ಡೆಮೊ ಮೋಡ್ ಆಫ್ ಮಾಡಿಸಿ, ಕ್ರೀಡಾ ಚಾನೆಲ್ ಹಾಕಿಸಿ. ಎಂಇಎಂಸಿ ಆಫ್ ಇಟ್ಟು ಒಂದು ಗೋಲ್ ಕಿಕ್ ನೋಡಿ, ಲೋ ಇಟ್ಟು ಇನ್ನೊಂದು ನೋಡಿ. ಆಮೇಲೆ ಬೆಲೆ ಕೇಳಿ.